ಪ್ರಿಯ ಗ್ರಾಹಕರೇ, ಖಾರಾ ಬನ್ ನಿಮ್ಮನ್ನು ನೆನೆಯುತ್ತಿದೆ

ಹಾಸನದಲ್ಲಿ ಈಗ ಎರಡು ಖಾರಾ ಬನ್ ತಗೊಳ್ಳಬೇಕಾದರೂ ಇಮೇಲ್ ವಿಳಾಸ ಕೊಡಬೇಕು. ತಮಾಷೆ ಅಲ್ಲ. ಬಿ.ಎಂ. ರಸ್ತೆಯ ಬೇಕರಿಯೊಂದರಲ್ಲಿ ಗಲ್ಲಾದ ಹಿಂದೆ ಕೂತ ಹುಡುಗ ಮೊದಲು ಮೊಬೈಲ್ ನಂಬರ್ ಕೇಳುತ್ತಾನೆ, ಆಮೇಲೆ ಇಮೇಲ್ ಐಡಿ ಕೇಳುತ್ತಾನೆ, ನೀವು ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಾ ನಿಂತಿರುವಾಗ ಹಿಂದಿನವರು "ಅಣ್ಣಾ, ಬಸ್ ಹೊರಡ್ತದೆ, ಬೇಗ ಕೊಡಿ" ಅಂತ ಅವಸರ ಮಾಡುತ್ತಿರುತ್ತಾರೆ. ಬನ್ ತಿಂದು ಕೈ ಒರೆಸಿಕೊಳ್ಳುವ ಹೊತ್ತಿಗೆ ಪತ್ರ ಬಂದಿರುತ್ತದೆ: "ನಮ್ಮ ಕುಟುಂಬಕ್ಕೆ ಸ್ವಾಗತ!" ಹೆಣ್ಣು ಕೊಟ್ಟ ಮಾವನ ಮನೆಯವರೂ ಇಷ್ಟು ಬೇಗ ಕುಟುಂಬಕ್ಕೆ ಸೇರಿಸಿಕೊಳ್ಳುವುದಿಲ್ಲ.

ಬೆಂಗಳೂರಿನ ಬೇಕರಿಗಳಲ್ಲಿ ಸುಮ್ನೆ ಊರು ಕೇಳಿ ನೋಡಿ. ಹಾಸನ ಕಡೆಯವರು ಸಿಕ್ಕೇ ಸಿಗುತ್ತಾರೆ. ಇಲ್ಲಿಂದ ಹೋಗಿ ಅಷ್ಟು ದೊಡ್ಡ ಊರಿಗೆ ಬನ್ನು, ದಿಲ್ ಪಸಂದ್ ತಿನ್ನಿಸಿದವರು ಒಂದೇ ಒಂದು ನ್ಯೂಸ್‌ಲೆಟರ್ ಬರೆದವರಲ್ಲ. ಸಾಯಂಕಾಲ ನಾಲ್ಕು ಗಂಟೆಗೆ ಬಿಸಿ ಟ್ರೇ ತಂದು ಗಾಜಿನ ಪಕ್ಕ ಇಟ್ಟರು, ಅಷ್ಟೇ.

ಇದೆಲ್ಲ ಶುರುವಾದದ್ದು ಡಿಜಿಟಲ್ ಮಾರ್ಕೆಟಿಂಗ್ ತರಬೇತಿಯಿಂದ. ಬೆಂಗಳೂರಿನಿಂದ ತಜ್ಞರು ಬಂದರು, ಹೋಟೆಲ್ ಹಾಲ್ ಬುಕ್ ಆಯಿತು, ಮಧ್ಯಾಹ್ನ ಊಟ ಇದೆ ಅಂತ ಗೊತ್ತಾಗಿ ಹಾಜರಿಯೂ ಚೆನ್ನಾಗಿಯೇ ಆಯಿತು. ಇಮೇಲ್‌ಗೆ ಒಂದು ಡಾಲರ್ ಖರ್ಚು ಮಾಡಿದರೆ 36 ಡಾಲರ್ ವಾಪಸ್ ಬರುತ್ತದೆ ಅಂತ ಪರದೆ ಮೇಲೆ ತೋರಿಸಿದರು. ಈ ಲೆಕ್ಕವನ್ನು ಈ ವ್ಯಾಪಾರದಲ್ಲಿರುವ ಎಲ್ಲರೂ ಹೇಳುತ್ತಾರೆ. ಹೇಳುವವರಲ್ಲಿ ಮುಕ್ಕಾಲುಪಾಲು ಇಮೇಲ್ ಕಳಿಸುವ ಸಾಫ್ಟ್‌ವೇರನ್ನೇ ಮಾರುವವರು ಅನ್ನುವುದು ಬೇರೆ ವಿಷಯ. ಗೊಬ್ಬರದ ಅಂಗಡಿಯವರೊಬ್ಬರು ಎದ್ದು ನಿಂತು, "ಸಾರ್, ಒಂದಕ್ಕೆ ಮೂವತ್ತಾರು ಬರೋ ಹಂಗಿದ್ರೆ ನೀವ್ಯಾಕೆ ಹಿಂಗೆ ಊರೂರು ಸುತ್ತಿ ಪಾಠ ಮಾಡ್ತೀರಿ?" ಅಂತ ಕೇಳಿದರು. ತಜ್ಞರು ಊಟಕ್ಕೆ ಬಿಟ್ಟರು.

ಹೊಸ ತಂತ್ರ ಅಂತ ಬೇರೆ ಹೇಳಿದರು. ಎಲ್ಲಿ ಹೊಸದು? 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಅನ್ನುವ ಕಂಪನಿಯ ಗ್ಯಾರಿ ಥುರ್ಕ್ ಎಂಬಾತ ಇಂಟರ್ನೆಟ್‌ಗೂ ಮೊದಲಿದ್ದ ಅರ್ಪಾನೆಟ್ ಅನ್ನುವ ಕಂಪ್ಯೂಟರ್ ಜಾಲದಲ್ಲಿ ಸುಮಾರು 400 ಜನಕ್ಕೆ ಒಂದೇ ಪತ್ರ ಕಳಿಸಿದ, ನಮ್ಮ ಹೊಸ ಕಂಪ್ಯೂಟರ್ ನೋಡಲು ಬನ್ನಿ ಅಂತ. ಬೈಗುಳದ ಸುರಿಮಳೆ ಆಯಿತು. ವ್ಯಾಪಾರವೂ ಆಯಿತು ಅಂತ ಆತ ಹೇಳಿಕೊಂಡ. ಆದರೆ ಒಂದು ಮಾತು, ಆ ನಾನೂರು ಜನರಾದರೂ ತಮಗೆ ಬಂದ ಪತ್ರವನ್ನು ತೆಗೆದು ನೋಡುವವರಾಗಿದ್ದರು.

ನಮ್ಮಲ್ಲಿ ಕಥೆಯೇ ಬೇರೆ. ಹಾಸನದಲ್ಲಿ ಇಮೇಲ್ ಇಲ್ಲದವರು ಕಡಿಮೆ, ತಮಗೊಂದು ಇಮೇಲ್ ಇದೆ ಅಂತ ಗೊತ್ತಿಲ್ಲದವರೇ ಜಾಸ್ತಿ. ಫೋನ್ ತಗೊಂಡ ದಿನ, ಪ್ಲೇ ಸ್ಟೋರ್ ಓಪನ್ ಆಗಬೇಕಲ್ಲ ಅಂತ ಮೊಬೈಲ್ ಅಂಗಡಿ ಹುಡುಗನೇ ಒಂದು ಜಿಮೇಲ್ ಮಾಡಿ ಕೊಟ್ಟಿರುತ್ತಾನೆ. ಹೆಸರು ಇಟ್ಟವನೂ ಅವನೇ, ಪಾಸ್‌ವರ್ಡ್ ಗೊತ್ತಿರುವುದೂ ಅವನಿಗೇ. ಅವನು ಈಗ ಆ ಅಂಗಡಿ ಬಿಟ್ಟು ಬೆಂಗಳೂರಿಗೆ ಹೋಗಿದ್ದಾನೆ. ಅದರ ಮೇಲೆ ಮದುವೆ ವಿಡಿಯೋ, ಮೊಮ್ಮಕ್ಕಳ ಫೋಟೋ, ವಾಟ್ಸಾಪ್ ಬ್ಯಾಕಪ್ಪು ಎಲ್ಲ ಸೇರಿ ಗೂಗಲ್ ಪುಕ್ಕಟೆ ಕೊಟ್ಟ 15 ಜಿಬಿ ತುಂಬಿ ಹೋಗಿರುತ್ತದೆ. ತುಂಬಿದ ಮೇಲೆ ಹೊಸ ಪತ್ರ ಒಳಗೆ ಬರುವುದೇ ಇಲ್ಲ. ಬಂದರೂ, 2013ರಲ್ಲೇ ಜಿಮೇಲ್‌ನವರು ಇಂಥ ಪತ್ರಗಳಿಗೆಂದೇ ಪ್ರೊಮೋಷನ್ಸ್ ಅಂತ ಪ್ರತ್ಯೇಕ ಕೋಣೆ ಕಟ್ಟಿಸಿಟ್ಟಿದ್ದಾರೆ. ಅಲ್ಲಿಗೆ ಹೋಗಿ ಬಿದ್ದಿರುತ್ತದೆ. ಇಂಥ ವಿಳಾಸಗಳಿಗೆ ನಮ್ಮ ಅಂಗಡಿಯವರು ರಾತ್ರಿ ಶಟರ್ ಎಳೆದ ಮೇಲೆ ಕೂತು, ಕಣ್ಣು ಉರಿಸಿಕೊಂಡು, "ನಿಮ್ಮ ಪಯಣದಲ್ಲಿ ಜೊತೆಯಾಗುವುದು ನಮ್ಮ ಹೆಮ್ಮೆ" ಅಂತ ಬರೆಯುತ್ತಿದ್ದಾರೆ. ಯಾವ ಪಯಣ? ಆಲೂರಿಗೆ ಹೋಗುವ ಬಸ್ಸಿನದಾ?

ಪತ್ರಗಳ ಒಕ್ಕಣೆ ನೋಡಬೇಕು ನೀವು. ಎಲ್ಲ ಅಂಗಡಿಯವರೂ ಅದೇ ತರಬೇತಿಯ ಅದೇ ಮಾದರಿಯನ್ನು ಇಳಿಸಿಕೊಂಡಿರುವುದರಿಂದ ಟೈರ್ ಅಂಗಡಿಯೂ ಚಿನ್ನದಂಗಡಿಯೂ ಒಂದೇ ಭಾಷೆಯಲ್ಲಿ ಪ್ರೀತಿ ತೋರಿಸುತ್ತವೆ. ಗ್ರಂಥಿಗೆ ಅಂಗಡಿಯವರೊಬ್ಬರು ತಿಥಿ ಸಾಮಾನು ತಗೊಂಡು ಹೋದವರಿಗೆ ಬರೆದದ್ದು ಹೀಗಿತ್ತು: "ನಮ್ಮ ಸೇವೆ ಇಷ್ಟವಾಯಿತೇ? ನಿಮ್ಮನ್ನು ತುಂಬಾ ಮಿಸ್ ಮಾಡಿಕೊಳ್ಳುತ್ತಿದ್ದೇವೆ. ಆದಷ್ಟು ಬೇಗ ಮತ್ತೆ ಬನ್ನಿ, ಎರಡನೇ ಆರ್ಡರ್‌ಗೆ ಶೇ. 10 ರಿಯಾಯಿತಿ. ಬಂಧುಮಿತ್ರರಿಗೂ ತಿಳಿಸಿ." ಆ ಮನೆಯ ಅಜ್ಜಿ ಅದನ್ನು ಮೊಮ್ಮಗನಿಂದ ಓದಿಸಿಕೊಂಡು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಎರಡನೇ ಆರ್ಡರ್ ತನ್ನ ಮೇಲೇ ಅಂತ.

ವಾರಕ್ಕೆ ಎರಡು ಪತ್ರ ಹೋಗಲೇಬೇಕು, ಇಲ್ಲದಿದ್ದರೆ ಜನ ಮರೆತುಬಿಡುತ್ತಾರೆ ಅಂತ ತಜ್ಞರು ಹೆದರಿಸಿದ್ದಾರೆ. ಹಾಸನದಲ್ಲಿ ನಿಂತು ಈ ಮಾತು ಹೇಳಲು ಧೈರ್ಯ ಬೇಕು. ಇದೇ ಊರಲ್ಲಿ ಹಾಸನಾಂಬೆಯ ಗುಡಿ ವರ್ಷಕ್ಕೆ ಒಂದೇ ಸಲ, ದೀಪಾವಳಿ ಆಸುಪಾಸಿನಲ್ಲಿ ಕೆಲವೇ ದಿನ ಬಾಗಿಲು ತೆಗೆಯುತ್ತದೆ. ಲಕ್ಷಾಂತರ ಜನ ಮಕ್ಕಳು ಮರಿ ಕಟ್ಟಿಕೊಂಡು ಬಂದು ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಾರೆ. ಉಳಿದ ದಿನ ಅಮ್ಮ ಯಾರಿಗೂ "ನಮ್ಮನ್ನು ಮರೆತಿರಾ?" ಅಂತ ಬರೆಯುವುದಿಲ್ಲ. ಪ್ಲಾಸ್ಟಿಕ್ ಬಕೆಟ್ ಅಂಗಡಿಯವರು ಮಾತ್ರ ಮಂಗಳವಾರ ಒಂದು, ಶುಕ್ರವಾರ ಒಂದು, ತಪ್ಪದೆ ಬರೆಯುತ್ತಾರೆ. ಬಕೆಟ್ ಬಗ್ಗೆ ವಾರಕ್ಕೆ ಎರಡು ಸಲ ಹೇಳುವಂಥದ್ದು ಏನಿರುತ್ತದೆ ಅಂತ ಕೇಳಬೇಡಿ. "ಬಕೆಟ್ ಆರಿಸುವಾಗ ನೀವು ಮಾಡುವ ಐದು ತಪ್ಪುಗಳು" ಅಂತ ಬಂದಿತ್ತು. ಓದಿದೆ. ನಾಲ್ಕನ್ನು ಮಾಡಿದ್ದೇನೆ.

ಓದಿದ್ದು ಅವರಿಗೆ ಗೊತ್ತಾಗುತ್ತದೆ, ಅದೇ ದೊಡ್ಡ ತಾಪತ್ರಯ. ಪತ್ರದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರವೊಂದನ್ನು ಅಡಗಿಸಿ ಇಟ್ಟಿರುತ್ತಾರೆ. ನೀವು ಪತ್ರ ತೆಗೆದ ಕೂಡಲೇ ನಿಮ್ಮ ಫೋನು ಆ ಚಿತ್ರವನ್ನು ಅವರ ಸರ್ವರ್‌ನಿಂದ ತರಿಸಿಕೊಳ್ಳುತ್ತದೆ, ತರಿಸಿಕೊಂಡದ್ದು ಅಲ್ಲಿ ದಾಖಲಾಗುತ್ತದೆ. ಬೇರೆ ಊರಿನ ದೊಡ್ಡ ಕಂಪನಿಯಾದರೆ ಅದು ಬರೀ ಅಂಕಿ. ಹಾಸನದಲ್ಲಿ ಹಾಗಲ್ಲವಲ್ಲ. ಮಾರನೇ ದಿನ ಮಹಾವೀರ ಸರ್ಕಲ್ ಹತ್ತಿರ ಅಂಗಡಿಯವರೇ ಎದುರಿಗೆ ಸಿಗುತ್ತಾರೆ. "ಏನ್ ಸಾರ್, ಕೇಕಿನ ಆಫರ್ ಮೂರು ಸಲ ತೆಗೆದು ನೋಡಿದೀರಿ, ಅಂಗಡಿ ಕಡೆ ಬರ್ಲೇ ಇಲ್ಲ?" ಅಂತ ಕೇಳುತ್ತಾರೆ, ಜೊತೆಗೆ ಹೆಂಡತಿ ಬೇರೆ ನಿಂತಿರುತ್ತಾರೆ. ಪಾಪ, ಅವರಿಗೆ ಯಾರೂ ಹೇಳಿಲ್ಲ. 2021ರಿಂದ ಆಪಲ್‌ನವರ ಮೇಲ್ ಆಪಿನಲ್ಲಿ ಒಂದು ವ್ಯವಸ್ಥೆ ಬಂದಿದೆ, ಒಪ್ಪಿಕೊಂಡವರ ಪತ್ರದ ಚಿತ್ರಗಳನ್ನು ಅವರು ಓದಲಿ ಬಿಡಲಿ ಅದೇ ಮೊದಲೇ ತರಿಸಿ ಇಟ್ಟುಕೊಂಡಿರುತ್ತದೆ. ಹಾಗಾಗಿ ಐಫೋನಿನಲ್ಲಿ ಅದನ್ನು ಒಪ್ಪಿಕೊಂಡವರೆಲ್ಲ ಭಾರಿ ಓದುಗರು ಅಂತ ಲೆಕ್ಕದಲ್ಲಿ ಬರುತ್ತಾರೆ. ಬೇಕರಿ ಯಜಮಾನರು ಆ ಲೆಕ್ಕ ನೋಡಿ ಹಿಗ್ಗಿ, ಮುಂದಿನ ವಾರದಿಂದ ಮೂರು ಪತ್ರ ಅಂತ ತೀರ್ಮಾನ ಮಾಡಿದರು.

ನಿಲ್ಲಿಸಿಬಿಡಿ, ಅನ್‌ಸಬ್‌ಸ್ಕ್ರೈಬ್ ಒತ್ತಿ ಅನ್ನುತ್ತೀರಿ. ಒತ್ತಬಹುದು. 2023ರಲ್ಲಿ ಪಾಸಾದ ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯೂ, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ತಗೊಳ್ಳುವುದೂ ಅಷ್ಟೇ ಸುಲಭ ಇರಬೇಕು ಅನ್ನುತ್ತದೆ. 2024ರಲ್ಲಿ ಜಿಮೇಲ್‌ನವರು, ದಿನಕ್ಕೆ 5,000ಕ್ಕಿಂತ ಜಾಸ್ತಿ ಪತ್ರ ಕಳಿಸುವವರು ಒಂದೇ ಒತ್ತಿಗೆ ನಿಲ್ಲುವ ಗುಂಡಿ ಇಡಲೇಬೇಕು, ಸಾವಿರಕ್ಕೆ ಮೂರು ಜನ ಇದು ಸ್ಪ್ಯಾಮ್, ಬೇಡದ ಪತ್ರ ಅಂದರೂ ಗ್ರಹಚಾರ ಕೆಟ್ಟಿತು ಅಂತ ನಿಯಮ ತಂದರು. ಕಾಯ್ದೆ, ನಿಯಮ ಎಲ್ಲ ಸರಿ. ಆದರೆ ಗುಂಡಿ ಒತ್ತಿದವರ ಹೆಸರೂ ಅಂಗಡಿಯವರಿಗೆ ಕಾಣುತ್ತದಲ್ಲ! "ನಮ್ಮಿಂದ ಏನ್ ತಪ್ಪಾಯ್ತು ಸಾರ್? ಹಳೇ ಗಿರಾಕಿ ನೀವು, ಹಿಂಗ್ ಮಾಡ್ಬಿಟ್ರಲ್ಲ" ಅಂತ ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಕೇಳಿದರೆ ಏನು ಹೇಳುತ್ತೀರಿ? ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ಅಲ್ಲಿ ಕೂತು ಹೇಳಿದ ಹಾಗೆ ಕೇಳಿಸುತ್ತಾರೆ. ಅದೇ ಊರಲ್ಲಿ, ಒಂದು ಫರ್ಲಾಂಗು ದೂರದ ಬೇಕರಿಯ ಪತ್ರ ನಿಲ್ಲಿಸುವುದು ನಮ್ಮ ಕೈಲಿ ಆಗುತ್ತಿಲ್ಲ.

ಇಷ್ಟೆಲ್ಲ ಮಾಡಿ ಅವರು ಗಿರಾಕಿಯ ಮಾತು ಕೇಳುತ್ತಾರಾ ಅಂದರೆ ಅದೂ ಇಲ್ಲ. "ನಿಮ್ಮ ಮಾತು ನಮಗೆ ಅಮೂಲ್ಯ" ಅಂತ ಬಂದ ಪತ್ರಕ್ಕೇ ಉತ್ತರವಾಗಿ, ನಾಳೆ ಬೆಳಿಗ್ಗೆ ಒಂದು ಕೆಜಿ ಕೊಬ್ರಿ ಬಿಸ್ಕೆಟ್ ಎತ್ತಿಡಿ ಅಂತ ಬರೆದೆ. ಈ ವಿಳಾಸಕ್ಕೆ ಬರುವ ಪತ್ರಗಳನ್ನು ಯಾರೂ ಓದುವುದಿಲ್ಲ ಅಂತ ತಕ್ಷಣ ಜವಾಬು ಬಂತು. ದುಡ್ಡು ಹಿಡಿದು ನಿಂತವನಿಗೆ ಬಾಗಿಲು ಹಾಕಿ, ನಿದ್ದೆ ಮಾಡುವವನ ಮನೆ ಕದ ತಟ್ಟುವುದನ್ನೇ ಈಗ ಮಾರ್ಕೆಟಿಂಗ್ ಅನ್ನುತ್ತಾರೆ.

ಎಲ್ಲ ಹೀಗೇ ಅಂತಲ್ಲ. ಸಕಲೇಶಪುರ ಕಡೆಯ ಕಾಫಿ ಬೆಳೆಗಾರರೊಬ್ಬರು ಇದ್ದಾರೆ. ಬೆಂಗಳೂರಿನ ಗಿರಾಕಿಗಳಿಗೆ ವರ್ಷಕ್ಕೆ ಮೂರೋ ನಾಲ್ಕೋ ಇಮೇಲ್ ಬರೆಯುತ್ತಾರೆ, ಬಣ್ಣದ ಚಿತ್ರ ಇಲ್ಲ, ಗುಂಡಿ ಇಲ್ಲ. "ಹೂ ಮಳೆ ಈ ಸಲ ತಡ. ನೀರು ಹಾಯಿಸಿದ ತೋಟ ಮಾತ್ರ ಹೂ ಬಿಟ್ಟಿದೆ." ಆಮೇಲೆ ಚಳಿಗಾಲದಲ್ಲಿ ಇನ್ನೊಂದು: "ಅರೇಬಿಕಾ ಕುಯ್ಲು ಮುಗೀತು, ಆಳು ಸಿಗದೆ ಒದ್ದಾಡಿದೆವು. ಕಣದಲ್ಲಿ ಒಣಗ್ತಾ ಇದೆ. ಪುಡಿ ಬೇಕಾದವರು ಎಷ್ಟು ಬೇಕು, ಚಿಕೋರಿ ಎಷ್ಟು ಹಾಕಲಿ ತಿಳಿಸಿ." ಅಷ್ಟೇ. ಬರೆದ ವಿಳಾಸಕ್ಕೇ ಉತ್ತರ ಬರುತ್ತದೆ, ಅವರೇ ಓದುತ್ತಾರೆ, ಪುಡಿ ಖಾಲಿ ಆಗುತ್ತದೆ. ತಜ್ಞರಿಗೆ ಇದನ್ನು ತೋರಿಸಿದರಂತೆ. ಬ್ರ್ಯಾಂಡಿಂಗ್ ಇಲ್ಲ, ಈಗಲೇ ಕೊಳ್ಳಿ ಅನ್ನುವ ಕಾಲ್ ಟು ಆಕ್ಷನ್ ಇಲ್ಲ, ಮಳೆ ತಡ ಆಯ್ತು ಅನ್ನುವುದು ನೆಗೆಟಿವ್ ಮೆಸೇಜು ಅಂತ ಹತ್ತಕ್ಕೆ ಎರಡು ಅಂಕ ಕೊಟ್ಟರಂತೆ.

ಹತ್ತಕ್ಕೆ ಹತ್ತು ಸಿಕ್ಕಿದ್ದು ಕಟ್ಟಿನಕೆರೆ ಮಾರುಕಟ್ಟೆ ಕಡೆಯ ಹಾರ್ಡ್‌ವೇರ್ ಅಂಗಡಿಗೆ. ಅಲ್ಲಿ ಗಿರಾಕಿಗಳ ಪಟ್ಟಿಯನ್ನು ಬಿಲ್ಲಿಂಗ್ ಕಂಪ್ಯೂಟರ್‌ನಿಂದ ಹಾಗೇ ಎತ್ತಿ ಇಮೇಲ್ ಸಾಫ್ಟ್‌ವೇರಿಗೆ ಸುರಿದರು. ಉದ್ರಿ ಕೊಡುವ ಅಂಗಡಿಗಳಲ್ಲಿ ಹೆಸರು ಹೇಗೆ ಬರೆದುಕೊಂಡಿರುತ್ತಾರೆ ಗೊತ್ತಲ್ಲ? ಸಾಫ್ಟ್‌ವೇರು ಪಾಪ, ಕೊಟ್ಟ ಹೆಸರನ್ನೇ ಗೌರವದಿಂದ ಬರೆಯಿತು. "ಪ್ರಿಯ ದುದ್ದ ಮೇಷ್ಟ್ರು ಹಳೇ ಬಾಕಿ ಅವರೇ, ಯುಗಾದಿಯ ಶುಭಾಶಯಗಳು." "ಪ್ರಿಯ ಪೇಂಟ್ ವಾಪಸ್ ತಂದು ಜಗಳ ಆಡಿದವರೇ, ನಿಮ್ಮಂಥ ಗ್ರಾಹಕರೇ ನಮ್ಮ ಆಸ್ತಿ." "ಪ್ರಿಯ ಇವರಿಗೆ ಇನ್ನು ಉದ್ರಿ ಬೇಡ ಅವರೇ, ನಿಮಗಾಗಿ ವಿಶೇಷ ಕೊಡುಗೆ."

ಗಲಾಟೆ ಆಯಿತು ನಿಜ. ಆದರೆ ಎರಡೇ ದಿನದಲ್ಲಿ ಮೇಷ್ಟ್ರು ಮುಖ ಕೆಂಪಗೆ ಮಾಡಿಕೊಂಡು ಬಂದು, ಎಂದೋ ತಗೊಂಡ ಮೋಟಾರಿನ ಬಾಕಿಯನ್ನು ಪೈಸೆ ಬಿಡದೆ ಎಣಿಸಿ ಗಲ್ಲಾದ ಮೇಲೆ ಕುಕ್ಕಿ ಹೋದರು. ಅವರ ಹಿಂದೆ ಇನ್ನೂ ಹಲವರು ಬಂದರು. ಇಷ್ಟು ದಿನ ಯಾವ ಅಂಗಡಿಯ ಯಾವ ನ್ಯೂಸ್‌ಲೆಟರಿನಿಂದಲೂ ಇಷ್ಟು ನಗದು ಬಂದಿರಲಿಲ್ಲ. ತಜ್ಞರು ಇದನ್ನು ಪರ್ಸನಲೈಸೇಶನ್, ಅಂದರೆ ಒಬ್ಬೊಬ್ಬರಿಗೂ ಅವರವರಿಗೆ ತಕ್ಕಂತೆ ಬರೆಯುವುದು ಅಂತ ಕರೆದು, ಮುಂದಿನ ತರಬೇತಿಗೆ ಹಾರ್ಡ್‌ವೇರ್ ಯಜಮಾನರನ್ನೇ ಮುಖ್ಯ ಅತಿಥಿ ಮಾಡಿದ್ದಾರೆ. ಸುದ್ದಿ ಹಬ್ಬಿದ ಮೇಲೆ ಆ ಸಾಲಿನ ಉಳಿದ ಅಂಗಡಿಯವರೂ ಬೇಕಂತಲೇ ಎಲ್ಲರ ಹೆಸರಿನ ಮುಂದೆ ಹಳೇ ಬಾಕಿ ಅಂತ ಸೇರಿಸಿ ಕಳಿಸುವುದಕ್ಕೆ ಶುರು ಮಾಡಿದ್ದಾರೆ. ಮೊನ್ನೆ ನನಗೂ ಒಂದು ಬಂತು, ಪಶು ಆಹಾರದ ಅಂಗಡಿಯಿಂದ. ನಮ್ಮ ಮನೆಯಲ್ಲಿ ಒಂದು ಕೋಳಿಯೂ ಇಲ್ಲ. ಆದರೂ ಎಷ್ಟು ಬಾಕಿ ಇದೆಯೋ ಒಂದ್ಸಲ ಹೋಗಿ ಕೇಳಿ ಬಾ ಅನ್ನುತ್ತಿದ್ದಾರೆ ಅಪ್ಪ.