ದುಡಿಯುವ ಯಂತ್ರಕ್ಕೆ ಗಂಟೆಯ ಲೆಕ್ಕ, ನಿಲ್ಲುವ ಯಂತ್ರಕ್ಕೆ ಖಾಲಿ ಟ್ಯಾಂಕು

ನಾನೀಗ ಇರುವ ಅಮೆರಿಕದ ಮಿಷಿಗನ್ನಿನಲ್ಲಿ ಮನೆಯಂಗಳದ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನೂ ನಮ್ಮ ಊರಾದ ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟಗಳ ವೀಡ್ ಕಟರ್, ಪವರ್ ಸ್ಪ್ರೇಯರ್‌ಗಳ ಎಂಜಿನ್ನೂ ಒಂದೇ ಜಾತಿಯವು. ಒಂದೇ ಸಿಲಿಂಡರು, ಗಾಳಿಯಿಂದಲೇ ತಣಿಯುವ ಮೈ, ಹಗ್ಗ ಎಳೆದು ಚಾಲೂ ಮಾಡುವ ವ್ಯವಸ್ಥೆ, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಕೊಡುವ ಒಂದು ಪುಟ್ಟ ಕಾರ್ಬ್ಯುರೇಟರು. ವರ್ಷದ ಕೆಲವು ತಿಂಗಳು ಬಿಡುವಿಲ್ಲದೆ ದುಡಿದು ಉಳಿದ ತಿಂಗಳು ಮೂಲೆ ಹಿಡಿಯುವುದರಲ್ಲಿಯೂ ಅವು ಒಂದೇ. ಅವುಗಳನ್ನು ನೋಡಿಕೊಳ್ಳುವ ರೀತಿ ಮಾತ್ರ ಬೇರೆ. ಎರಡೂ ಕಡೆಯ ರೂಢಿಯನ್ನು ಹತ್ತಿರದಿಂದ ಕಂಡ ನನಗೆ, ಈ ಎಂಜಿನ್ನುಗಳು ದುಡಿದು ಕೆಡುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು ಎಂದೂ, ನಿಲ್ಲಿಸುವ ಮುನ್ನ ಮಾಡಬೇಕಾದ ಕೆಲಸವನ್ನು ನಮ್ಮ ಊರಿನವರು ಇಲ್ಲಿಯವರಿಂದ ಕಲಿಯಬೇಕೆಂದೂ ದೃಢವಾಗಿ ಅನಿಸಿದೆ.

ಇಲ್ಲಿ ಹುಲ್ಲು ಕತ್ತರಿಸುವ ಕಾಲ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ. ಹಿಮ ಬೀಳುವ ಮೊದಲು ಯಂತ್ರವನ್ನು ಸಿದ್ಧಪಡಿಸಿಡುವುದು ಮನೆಯವರದೇ ಕೆಲಸ. ಶಿಕ್ಷಕರಿರಲಿ, ವೈದ್ಯರಿರಲಿ, ಕೈಪಿಡಿ ತೆರೆದು ತಾವೇ ಕುಳಿತು ಮಾಡುವವರು ಬಹಳ ಮಂದಿ. ಮಿಲ್ವಾಕಿಯಲ್ಲಿ 1908ರಲ್ಲಿ ಆರಂಭವಾದ ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್ ಕಂಪನಿಯ ಸಾಮಾನ್ಯ ಎಂಜಿನ್ನುಗಳಿಗೆ ಮೊದಲ 5 ಗಂಟೆಯ ಬಳಕೆಯ ನಂತರ ಒಮ್ಮೆ, ಆಮೇಲೆ 50 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಎಂಜಿನ್ ಆಯಿಲ್ ಬದಲಿಸಬೇಕೆಂಬ ನಿಯಮವಿದೆ. ಎಂಜಿನ್ನನ್ನು ನಾಲ್ಕೈದು ನಿಮಿಷ ಓಡಿಸಿ ಆಯಿಲ್ ಬೆಚ್ಚಗಾದ ಮೇಲೆ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ವೈರನ್ನು ಕಳಚಿ, ಏರ್ ಫಿಲ್ಟರ್ ಮೇಲ್ಮುಖವಾಗಿರುವಂತೆ ಯಂತ್ರವನ್ನು ಓರೆ ಮಾಡಿ ಹಳೆಯ ಆಯಿಲ್ ಸುರಿಯುತ್ತಾರೆ. ಓರೆ ಮಾಡುವ ದಿಕ್ಕು ತಪ್ಪಿದರೆ ಆಯಿಲ್ ಫಿಲ್ಟರಿಗೆ ನುಗ್ಗಿ, ಮುಂದೆ ಚಾಲೂ ಮಾಡುವಾಗ ಬಿಳಿ ಹೊಗೆ ತುಂಬುತ್ತದೆ. ಈಚೆಗೆ ಆಯಿಲ್ ಬದಲಿಸುವುದೇ ಬೇಡ, ಕಡಿಮೆಯಾದಷ್ಟು ತುಂಬಿಸಿದರೆ ಸಾಕು ಎಂದು ಮಾರುವ ಎಂಜಿನ್ನುಗಳೂ ಬಂದಿವೆ. ಸವೆದ ಲೋಹದ ಪುಡಿ ಒಳಗೇ ಸುತ್ತುವುದನ್ನು ಬಲ್ಲ ಯಾರೂ ಅದನ್ನು ಒಪ್ಪಬಾರದು.

ಹಾಗೆಂದು ಇಲ್ಲಿಯ ವರ್ಷಕ್ಕೊಮ್ಮೆಯ ಪದ್ಧತಿಯನ್ನು ಹಾಗೆಯೇ ಮಲೆನಾಡಿಗೆ ಒಯ್ಯಲಾಗದು. ವಾರಕ್ಕೊಂದು ಗಂಟೆ ಹುಲ್ಲು ಕತ್ತರಿಸುವವರಿಗೆ ಒಂದು ಹಂಗಾಮಿನಲ್ಲಿ 50 ಗಂಟೆ ತುಂಬುವುದೇ ಇಲ್ಲ. ತೋಟದಲ್ಲಿ ದಿನಕ್ಕೆ ಆರು ಗಂಟೆ ಓಡುವ ವೀಡ್ ಕಟರಿಗೆ ಅದು ಒಂಬತ್ತು ದಿನದೊಳಗೆ ಮುಗಿಯುತ್ತದೆ. ಹೋಂಡಾ ಜಿಎಕ್ಸ್35ರಂಥ ಸಣ್ಣ ಫೋರ್ ಸ್ಟ್ರೋಕ್ ಎಂಜಿನ್ನು ಹಿಡಿಯುವ ಆಯಿಲ್ ಸುಮಾರು 100 ಮಿಲಿಲೀಟರ್ ಮಾತ್ರ. ಅಷ್ಟು ಸ್ವಲ್ಪ ಆಯಿಲ್ ಬೇಗ ಕಪ್ಪಾಗುತ್ತದೆ, ಸ್ವಲ್ಪವೇ ಕಡಿಮೆಯಾದರೂ ಪಿಸ್ಟನ್ನಿಗೆ ಅಪಾಯ. ಆದ್ದರಿಂದ ನಮ್ಮಲ್ಲಿ ಲೆಕ್ಕ ಇಡಬೇಕಾದದ್ದು ತಿಂಗಳಿನದಲ್ಲ, ಗಂಟೆಯದು. ಆಯಿಲ್‌ಗೆ ಬೇರೆ ಜಾಗವಿಲ್ಲದ ಟು ಸ್ಟ್ರೋಕ್ ಎಂಜಿನ್ನುಗಳಲ್ಲಿಯಂತೂ ಪೆಟ್ರೋಲಿಗೆ ಬೆರೆಸುವ ಆಯಿಲ್ಲೇ ಸರ್ವಸ್ವ: ಕೈಪಿಡಿ 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿಲೀಟರ್, 25ಕ್ಕೆ 1 ಎಂದರೆ 40. ಅಂದಾಜಿನಲ್ಲಿ ಸುರಿದಾಗ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೂ ಸೈಲೆನ್ಸರಿಗೂ ಮಸಿ ಕಟ್ಟುತ್ತದೆ.

ಇನ್ನು ನಿಂತ ಕಾಲದ ಮಾತು. ಔಷಧಿ ಹೊಡೆಯುವ ಸ್ಪ್ರೇಯರು ಕೊಳೆರೋಗದ ಕಾಲದಲ್ಲಿ ಮಾತ್ರ ಹೊರಬರುತ್ತದೆ: ಮಳೆ ಹಿಡಿಯುವ ಮುನ್ನ ಒಮ್ಮೆ, 40–45 ದಿನಗಳ ಅನಂತರ ಮತ್ತೊಮ್ಮೆ. ಉಳಿದ ಒಂಬತ್ತು ಹತ್ತು ತಿಂಗಳು, ಅದರಲ್ಲಿಯೂ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಆವಿಯಾಗುತ್ತಾ ಅಂಟನ್ನು ಬಿಟ್ಟುಹೋಗುತ್ತದೆ. ಜೊತೆಗೆ ಪೆಟ್ರೋಲಿಗೆ ಬೆರೆಸಿದ ಮದ್ಯಸಾರ, ಅಂದರೆ ಎಥನಾಲ್ ಇದೆ. ಅದು ತೇವವನ್ನು ಹೀರಿಕೊಳ್ಳುತ್ತದೆ; ನೀರಿನಂಶ ಮಿತಿ ಮೀರಿದರೆ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ನಿಂತು ಲೋಹವನ್ನು ತಿನ್ನುತ್ತದೆ. ಅಮೆರಿಕದಲ್ಲಿ ಸಣ್ಣ ಎಂಜಿನ್ನುಗಳಿಗೆ ಶೇಕಡ 10ಕ್ಕಿಂತ ಹೆಚ್ಚು ಎಥನಾಲ್ ಬೆರೆತ ಪೆಟ್ರೋಲನ್ನು ಹಾಕುವಂತಿಲ್ಲ. ಭಾರತದ ಬಂಕುಗಳಲ್ಲಿ ಈಗ ಸಿಗುವುದು ಶೇಕಡ 20ರದು. ಹಾಗಾಗಿ ಟ್ಯಾಂಕನ್ನು ಖಾಲಿ ಮಾಡಿ, ಎಂಜಿನ್ನು ತಾನಾಗಿಯೇ ನಿಲ್ಲುವವರೆಗೆ ಓಡಿಸಿ, ಕಾರ್ಬ್ಯುರೇಟರನ್ನು ಒಣಗಿಸಿಡುವ ಕ್ರಮ ಇಲ್ಲಿಗಿಂತ ನಮ್ಮಲ್ಲಿಯೇ ಹೆಚ್ಚು ಅಗತ್ಯ. ವೀಡ್ ಕಟರಿನ ಕಾರ್ಬ್ಯುರೇಟರಿನಲ್ಲಿರುವ ತೆಳು ಪೊರೆ ಹಳೆಯ ಪೆಟ್ರೋಲಿನಿಂದ ಸೆಟೆದುಕೊಳ್ಳುವುದೂ ಇದರಿಂದ ತಪ್ಪುತ್ತದೆ.

ಮೇ ಕೊನೆಯ ವಾರ ಊರಿನ ಗ್ಯಾರೇಜಿನಲ್ಲಿ ಕುಳಿತರೆ ಇದರ ಪರಿಣಾಮ ಕಾಣುತ್ತದೆ. ಸಾಲಾಗಿ ನಿಂತ ಸ್ಪ್ರೇಯರುಗಳಲ್ಲಿ ಬಹುಪಾಲಿನದು ಒಂದೇ ರೋಗ. ಮೆಕ್ಯಾನಿಕ್ಕು ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲನ್ನು ಬಿಚ್ಚಿದರೆ ತಳದಲ್ಲಿ ಹಸಿರು ಕಿಲುಬು, ಪೆಟ್ರೋಲ್ ಹಾಯುವ ಹಿತ್ತಾಳೆಯ ಜೆಟ್ಟಿನ ಸೂಜಿಮೊನೆಯಷ್ಟು ತೂತಿನಲ್ಲಿ ಮೇಣದಂಥ ಕಸರು. ಕರೆಂಟಿನ ವೈರಿನಿಂದ ತಾಮ್ರದ ಒಂದೇ ಎಳೆ ಕಿತ್ತು, ಜೆಟ್ಟನ್ನು ಬೆಳಕಿಗೆ ಹಿಡಿದು, ತೂತು ಹಿಗ್ಗದಂತೆ ಅವರು ಬಿಡಿಸುವ ನಾಜೂಕನ್ನು ನಾನು ಇಲ್ಲಿ ಎಲ್ಲಿಯೂ ಕಂಡಿಲ್ಲ. ಇಲ್ಲಿ ಕಾರ್ಬ್ಯುರೇಟರು ಕಟ್ಟಿದರೆ ಇಡಿಯಾಗಿ ಹೊಸದನ್ನು ಹಾಕುತ್ತಾರೆ, ಅಥವಾ ರಿಪೇರಿಯ ಕೂಲಿಗೆ ಹೆದರಿ ಯಂತ್ರವನ್ನೇ ರಸ್ತೆಯ ಬದಿಗಿಡುತ್ತಾರೆ. ಈ ವಿಷಯದಲ್ಲಿ ನಮ್ಮೂರೇ ಮೇಲು. ಆದರೆ ಅಂಥ ಕೈಗಳನ್ನು, ತಪ್ಪಿಸಬಹುದಾಗಿದ್ದ ಕೆಲಸಕ್ಕೆ ಸವೆಸುತ್ತಿದ್ದೇವೆ; ಸರದಿ ಬರುವಷ್ಟರಲ್ಲಿ ಮಳೆ ಹಿಡಿದು, ಮೈಲುತುತ್ತದ ಔಷಧಿ ಹೊಡೆಯುವುದು ತಡವಾಗಿ, ಗೊನೆಗಳು ಉದುರಿದ ನಷ್ಟ ಬೆಳೆಗಾರರಿಗೇ.

ಏರ್ ಫಿಲ್ಟರಿನ ವಿಚಾರದಲ್ಲಿ ಎರಡೂ ಕಡೆ ಉದಾಸೀನವಿದೆ. ಸ್ಪಂಜಿನದಾದರೆ ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಒಂದಿಷ್ಟು ಆಯಿಲ್ ಸವರಿ ಹಿಂಡಿ ಹಾಕಬೇಕು, ಕಾಗದದ್ದನ್ನು ತೊಳೆಯಲೇಬಾರದು. ಬಳಸಿದ ಆಯಿಲನ್ನು ಇಲ್ಲಿಯ ಎಷ್ಟೋ ಬಿಡಿಭಾಗದ ಅಂಗಡಿಗಳು ದುಡ್ಡಿಲ್ಲದೆ ಮರಳಿ ಪಡೆಯುತ್ತವೆ. ನಮ್ಮಲ್ಲಿ ಅದು ಚರಂಡಿಗೋ ತೋಟದ ಅಂಚಿಗೋ ಹೋಗುತ್ತದೆ, ಆ ನೀರು ಇಳಿಯುವುದು ನಾವೇ ಕುಡಿಯುವ ಬಾವಿಗೆ.

ರೈತ ಸಂಪರ್ಕ ಕೇಂದ್ರಗಳ ಮೂಲಕ ಸಹಾಯಧನದಲ್ಲಿ ಇಂಥ ಯಂತ್ರಗಳನ್ನು ಕೊಡುವಾಗ, ಎಷ್ಟು ಗಂಟೆಗೆ ಆಯಿಲ್, ಯಾವಾಗ ಫಿಲ್ಟರು, ಹಂಗಾಮು ಮುಗಿದ ದಿನ ಟ್ಯಾಂಕನ್ನು ಏನು ಮಾಡಬೇಕು ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿದ ಒಂದು ತಗಡನ್ನು ಎಂಜಿನ್ನಿನ ಮೈಮೇಲೆಯೇ ಕೂರಿಸಿ ಕೊಡಬೇಕೆಂಬುದು ನನ್ನ ಒತ್ತಾಯ. ಕೈಪಿಡಿ ಅಟ್ಟ ಸೇರಬಹುದು, ತಗಡು ಯಂತ್ರದ ಜೊತೆಗೇ ಇರುತ್ತದೆ; ಬಾಡಿಗೆಗೆ ಒಯ್ದವರಿಗೂ, ಕೂಲಿಗೆ ಬಂದು ಓಡಿಸುವವರಿಗೂ ಅದು ಕಣ್ಣಿಗೆ ಬೀಳುತ್ತದೆ.