ಕೆಂಪು ಲೈಟ್ ಅಂದ್ರೆ ರೂಟರ್ ಹ್ಯಾಕ್ ಆಗಿದೆ ಅಂತಲ್ಲ

ರೂಟರಲ್ಲಿ ಕೆಂಪು ಲೈಟ್ ಮಿನುಗಿದ್ರೆ ಹ್ಯಾಕ್ ಆಗಿದೆ, ತಕ್ಷಣ ಪಿನ್ ಚುಚ್ಚಿ ರಿಸೆಟ್ ಮಾಡಿ ಅಂತ ಫಾರ್ವರ್ಡ್ ಓಡಾಡ್ತಿದೆ, ದಯವಿಟ್ಟು ಹಾಗೆ ಮಾಡ್ಬೇಡಿ. ಫೈಬರ್ ಕನೆಕ್ಷನ್ನಲ್ಲಿ ಎಲ್‌ಒಎಸ್ (LOS, ಅಂದ್ರೆ ಲಾಸ್ ಆಫ್ ಸಿಗ್ನಲ್) ಲೈಟ್ ಕೆಂಪಾಯ್ತು ಅಂದ್ರೆ ಕೇಬಲಿಂದ ಬರ್ಬೇಕಾದ ಬೆಳಕಿನ ಸಿಗ್ನಲ್ ಸಿಗ್ತಿಲ್ಲ ಅಷ್ಟೇ, ವೈರ್ ಎಲ್ಲೋ ಮಡಚಿರುತ್ತೆ, ಇಲಿ ಕಡಿದಿರುತ್ತೆ, ಇಲ್ಲಾ ಹೊರಗೆ ಕೊಂಬೆ ಬಿದ್ದು ಕಟ್ ಆಗಿರುತ್ತೆ. ರಿಸೆಟ್ ಒತ್ತಿದ್ರೆ ಅದು ಸರಿಹೋಗಲ್ಲ, ಬದಲಿಗೆ ಒಳಗಿರೋ ಲಾಗಿನ್ ಸೆಟ್ಟಿಂಗ್ ಅಳಿಸಿಹೋಗಿ ಕೇಬಲ್ ರಿಪೇರಿ ಆದ್ಮೇಲೂ ಎಷ್ಟೋ ಕಡೆ ನೆಟ್ ಬರಲ್ಲ. ರೂಟರ್ ಹಿಂದಿರೋ ತೆಳು ವೈರ್ ಮಡಚಿದ್ರೆ ನಿಧಾನಕ್ಕೆ ಬಿಡಿಸಿ, ಕನೆಕ್ಟರ್ ಸರಿಯಾಗಿ ಕೂತಿದ್ಯಾ ನೋಡಿ, ಆಫ್ ಮಾಡಿ ಆನ್ ಮಾಡಿ. ಬಿಚ್ಚಿದ ತುದಿಗೆ ಮಾತ್ರ ಕಣ್ಣಿಟ್ಟು ನೋಡ್ಬೇಡಿ, ಸಾಮಾನ್ಯವಾಗಿ ಅದ್ರಲ್ಲಿ ಬರೋ 1490 ನ್ಯಾನೋಮೀಟರ್ ಲೇಸರ್ ಕಣ್ಣಿಗೆ ಕಾಣ್ಸೋದೇ ಇಲ್ಲ, ಆದ್ರೂ ಹಾನಿ ಮಾಡ್ಬಹುದು. ಇನ್ನೂ ಕೆಂಪಿದ್ರೆ ನೆಟ್ ಕಂಪನಿಯವ್ರಿಗೆ ಕಂಪ್ಲೇಂಟ್ ಕೊಡಿ, ಎಲ್‌ಒಎಸ್ ಕೆಂಪು ಅಂತ್ಲೇ ಹೇಳಿ, ಲೈನ್ ಚೆಕ್ ಮಾಡ್ಬೇಕು ಅಂತ ಅವ್ರಿಗೆ ಗೊತ್ತಾಗುತ್ತೆ.