ತಿನ್ನುವ ಹಕ್ಕಿಗೆ ಮಾತ್ರ ಜ್ವರ

ಕೇರಳದಲ್ಲಿ ಹಕ್ಕಿಜ್ವರ ಅಂತ ಸುದ್ದಿ ಬಂದರೆ ಸಾಕು, ಮಾರನೇ ದಿನವೇ ಕೊಡಗಿನ ಗಡಿಯಲ್ಲಿ ಟಯರುಗಳಿಗೆ ಅಭ್ಯಂಜನ ಶುರು. ಹೋದ ಸಲ ಕಣ್ಣೂರಿನ ಮದುವೆ ಮುಗಿಸಿ ಬರುವಾಗ ನಮ್ಮ ಜೀಪಿನ ನಾಲ್ಕೂ ಚಕ್ರಕ್ಕೆ ಔಷಧಿ ಹೊಡೆದರು. ಹಿಂದೆ ನೇತಾಡುತ್ತಿದ್ದ ಸ್ಟೆಪ್ನಿಯನ್ನೂ ಬಿಡಲಿಲ್ಲ. ಅತ್ತೆ ಕಟ್ಟಿಕೊಟ್ಟಿದ್ದ ಹನ್ನೆರಡು ನಾಟಿ ಮೊಟ್ಟೆ ವಶವಾಯಿತು.

"ಬೇಯಿಸಿದ್ದು ಸಾರ್" ಅಂದೆ.

"ಬೆಂದ್ರೂ ಕೋಳೀದೇ ಅಲ್ವಾ?"

ಹೌದಲ್ಲ. ಸುಮ್ಮನಾದೆ. ನನ್ನ ಹಿಂದೆ ನಿಂತಿದ್ದ ಬೈಕಿನವನ ಸೀಟಿಗೆ ತೂತು ಕೊರೆದ ರಟ್ಟಿನ ಡಬ್ಬವೊಂದು ಕಟ್ಟಿತ್ತು. ಅದು ಕಿಚ್ ಅಂದಿತು.

"ಏನದು?"

"ಗಿಳಿಮರಿ ಸಾರ್."

"ಮಾತಾಡ್ತದಾ?"

"ಇನ್ನೂ ಇಲ್ಲ."

"ಕಲಿಸು. ಹೋಗು ಹೋಗು, ಹಿಂದೆ ಗಾಡಿ ನಿಂತಿದೆ."

ಅಲ್ಲಿಗೆ ನನಗೆ ಸರ್ಕಾರಿ ಪಶುವೈದ್ಯದ ಮೂಲಸೂತ್ರ ಅರ್ಥವಾಯಿತು: ತಿನ್ನುವ ಹಕ್ಕಿಗೆ ಜ್ವರ ಬರುತ್ತದೆ, ಸಾಕುವ ಹಕ್ಕಿಗೆ ಬರುವುದಿಲ್ಲ. ನಾವೂ ಅದನ್ನು ನಿಷ್ಠೆಯಿಂದ ಪಾಲಿಸುತ್ತೇವೆ. ನೂಪುಟ್ಟಿನ ಜೊತೆಗೆ ಕೋಳಿ ಬೇಡ, ಕಡಂಬುಟ್ಟಿಗೆ ಪಂದಿ ಇದೆಯಲ್ಲ ಅಂತ ತ್ಯಾಗ ಮಾಡುತ್ತೇವೆ. ಊಟ ಮುಗಿಸಿ ಕೈ ತೊಳೆದು, ಜಗಲಿಯ ಪಂಜರದ ಗಿಳಿಗೆ ನಮ್ಮ ತುಟಿಯಿಂದಲೇ ಕಡಲೆಬೀಜ ತಿನ್ನಿಸುತ್ತೇವೆ.

ಕಾನೂನಿನ ಪ್ರಕಾರ ಆ ಗಿಳಿ ಅಲ್ಲಿ ಇಲ್ಲವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ನಮ್ಮ ಕಾಡಿನ ಗಿಳಿ, ಬೆಟ್ಟದ ಮೈನಾ ಮಾರುವಂತಿಲ್ಲ. ಮಾರಾಟವೇ ಇಲ್ಲದ ಮೇಲೆ ತಪಾಸಣೆ ಎಲ್ಲಿಂದ ಬರಬೇಕು? ತಪಾಸಣೆ ಇಲ್ಲದ ಮೇಲೆ ರೋಗ ಕಾಣುವುದು ಯಾರಿಗೆ? ಕಾಗದದ ಮೇಲೆ ಇಷ್ಟು ಆರೋಗ್ಯವಂತ ವ್ಯಾಪಾರ ಇನ್ನೊಂದಿಲ್ಲ.

ಬೇರೆ ದೇಶದವರಿಗೆ ಈ ಜಾಣತನ ಬರಲಿಲ್ಲ, ಪಾಪ. 1929ರ ಕೊನೆಗೆ ದಕ್ಷಿಣ ಅಮೆರಿಕದ ಗಿಳಿಗಳಿಂದ ಹಲವು ದೇಶಗಳ ಮನೆಗಳಿಗೆ ಸಿಟಕೋಸಿಸ್ ಎಂಬ ಗಿಳಿಜ್ವರ ಹೊಕ್ಕಿತು. ಅಮೆರಿಕದಲ್ಲಿ ಅದನ್ನು ಪರೀಕ್ಷಿಸಲು ಕೂತ ಪ್ರಯೋಗಾಲಯದವರೇ ಹಾಸಿಗೆ ಹಿಡಿದರು. 1930ರ ಜನವರಿಯಲ್ಲಿ ಅಧ್ಯಕ್ಷ ಹೂವರ್ ಗಿಳಿ ಆಮದಿಗೇ ತಡೆ ಹಾಕಿದರು. 2004ರಲ್ಲಿ ಥಾಯ್ಲೆಂಡಿನಿಂದ ಬಂದ ಪ್ರಯಾಣಿಕನೊಬ್ಬನ ಕೈಚೀಲದಲ್ಲಿ ಬ್ರಸೆಲ್ಸ್ ವಿಮಾನ ನಿಲ್ದಾಣದವರಿಗೆ ಎರಡು ಗಿಡುಗ ಸಿಕ್ಕವು. ನೋಡಲು ಗಟ್ಟಿಮುಟ್ಟು, ಒಳಗೆ ಹಕ್ಕಿಜ್ವರದ ಎಚ್5ಎನ್1 ವೈರಾಣು. ಮರುವರ್ಷ ಯೂರೋಪ್ ಒಕ್ಕೂಟ ಕಾಡುಹಕ್ಕಿಗಳ ಆಮದನ್ನು ನಿಲ್ಲಿಸಿತು, 2007ರಲ್ಲಿ ಆ ತಡೆಯನ್ನು ಕಾಯಂ ಮಾಡಿತು.

ನಾವು ಏನು ಮಾಡಿದೆವು? 2020ರ ಜೂನ್‌ನಲ್ಲಿ, ಪ್ರಾಣಿಯಿಂದ ಬಂದಿರಬಹುದಾದ ವೈರಾಣುವಿಗೆ ಹೆದರಿ ಇಡೀ ದೇಶ ಮೂಗುಬಾಯಿ ಮುಚ್ಚಿಕೊಂಡಿದ್ದ ಹೊತ್ತಿನಲ್ಲಿ, ಕೇಂದ್ರ ಪರಿಸರ ಸಚಿವಾಲಯ ಒಂದು ಸೂಚನೆ ಹೊರಡಿಸಿತು: ವಿದೇಶಿ ಪ್ರಾಣಿಪಕ್ಷಿ ಇಟ್ಟುಕೊಂಡವರು ಆರು ತಿಂಗಳೊಳಗೆ ತಾವಾಗಿಯೇ ಹೇಳಿಕೊಂಡರೆ ದಾಖಲೆ ಕೇಳುವುದಿಲ್ಲ. ನಮ್ಮ ಪಕ್ಕದ ತೋಟದ ಸಾಹುಕಾರರು ಅವತ್ತೇ ಅರ್ಜಿ ಹಾಕಿ ತಮ್ಮ ಆಫ್ರಿಕನ್ ಗಿಳಿಯನ್ನು ಸಾಚಾ ಮಾಡಿಕೊಂಡರು. ನನ್ನ ಪಹಣಿಯ ತಿದ್ದುಪಡಿಗೆ ಒಂಬತ್ತು ವರ್ಷವಾಯಿತು. ಗಿಳಿಯಾಗಿ ಹುಟ್ಟಬೇಕಿತ್ತು.

ಆ ಗಿಳಿಯ ಪಂಜರ ಗುಡಿಸುವುದು ತೋಟದ ಕೂಲಿಯವರ ಲೈನ್‌ಮನೆಯ ಹೆಂಗಸು. ಸಿಟಕೋಸಿಸ್ ಬರುವುದು ಹಕ್ಕಿಯ ಮಾತಿನಿಂದಲ್ಲ, ಒಣಗಿ ಧೂಳಾದ ಹಿಕ್ಕೆಯಿಂದ. ಹಾಗಾಗಿ ಮುದ್ದು ಒಬ್ಬರಿಗೆ, ಧೂಳು ಇನ್ನೊಬ್ಬರಿಗೆ. ಹಿಡಿದು, ಡಬ್ಬಕ್ಕೆ ತುರುಕಿ, ಊರೂರು ಸುತ್ತಿಸಿದ ಹಕ್ಕಿ ಬೆದರಿದಷ್ಟೂ ರೋಗಾಣುವನ್ನು ಹೆಚ್ಚು ಉದುರಿಸುತ್ತದೆ. ಜ್ವರ, ತಲೆನೋವು, ಒಣಕೆಮ್ಮು ಬಂದರೆ ಕೊಡಗಿನಲ್ಲಿ ಅದಕ್ಕೆ ಇರುವುದು ಒಂದೇ ಹೆಸರು: ಮಳೆ. ಸರಿಯಾದ ಮಾತ್ರೆ ಕೊಟ್ಟರೆ ವಾಸಿಯಾಗುವ ಕಾಯಿಲೆ. ಆದರೆ "ಮನೇಲಿ ಹಕ್ಕಿ ಉಂಟಾ?" ಅಂತ ಡಾಕ್ಟರು ಕೇಳಬೇಕು. ಕೇಳಿದರೂ ಅವಳು ಏನು ಹೇಳಿಯಾಳು? "ನಮ್ಮನೇಲಿ ಇಲ್ಲ ಸಾರ್."

ಕಳೆದ ಶುಕ್ರವಾರ ಮಡಿಕೇರಿ ಸಂತೆಗೆ ಹೋಗಿದ್ದೆ. ಗಿಳಿಶಾಸ್ತ್ರದವನ ಮುಂದೆ ಖಾಕಿ ತೊಟ್ಟವರೊಬ್ಬರು ಕುಕ್ಕರುಗಾಲಲ್ಲಿ ಕೂತಿದ್ದರು. ವರ್ಗಾವಣೆಯ ಚಿಂತೆ. ಗಿಳಿ ಪಂಜರದಿಂದ ಹೊರಬಂದು ಕಾರ್ಡು ಎಳೆಯಿತು, ತಲೆ ಕೊಡವಿತು, ಅವರ ಮುಖದ ಮುಂದೆಯೇ ಸೀನಿತು.

"ಛೆ, ಒಂಟಿ ಸೀನು, ಅಪಶಕುನ" ಅಂದರು ಸಾಹೇಬರು. "ಇನ್ನೊಂದು ಸೀನಲಿ ತಡಿ, ಆಮೇಲೆ ಕಾರ್ಡ್ ಓದು."

ಇಬ್ಬರೂ ಗಿಳಿಯ ಮೂಗನ್ನೇ ನೋಡುತ್ತ ಕೂತರು.